ಜಲ್ಲಿ ಬಾಕ್ಸಿನ ಮೇಲೊಂದು ರೀಪು

ದಿವಾಳಿಯೆದ್ದು ಪಾಪರಾದವನ ಹೆಸರಿಗೆ ಸರ್ಕಾರದಿಂದ ದುಡ್ಡು ಬರುತ್ತದೆ ಎಂದರೆ ಆಗ ಕೊಳ್ಳೇಗಾಲದಲ್ಲಿ ಯಾರೂ ನಂಬುತ್ತಿರಲಿಲ್ಲ. ನಾನೂ ಪೂರ್ತಿ ನಂಬಿರಲಿಲ್ಲ. ಆದರೆ ದುಡ್ಡು ಬಂತು. ಬರಬೇಕಾದ ನನ್ನ ಕೈಗೆ ಬರದೆ ನೇರವಾಗಿ ಪಾಪರಾದವನ ಕೈಗೇ ಹೋಯಿತು. ಅಂದು ಹಿಡಿದ ಅಲೆದಾಟ ಆ ಬೇಸಿಗೆ ಪೂರ್ತಿ ನನ್ನನ್ನು ಒಂದು ಕಡೆ ಕೂರಲು ಬಿಡಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಇನ್ನೂ ಹೊಸದು. ಕಂಟ್ರಾಕ್ಟರುಗಳ ಬಿಲ್ಲಿನಲ್ಲೇ ನೂರಕ್ಕೆ ಎರಡು ರೂಪಾಯಿ ಆದಾಯ ತೆರಿಗೆ ಮುರಿದುಕೊಳ್ಳುವ ಪದ್ಧತಿಯೂ ಹೊಸದು. ವರ್ಷದ ಕೊನೆಗೆ ಲೆಕ್ಕ ಒಪ್ಪಿಸಿ, ಲಾಭವೇ ಆಗಿಲ್ಲ ಎಂದು ತೋರಿಸಿದರೆ ಮುರಿದುಕೊಂಡದ್ದನ್ನು ವಾಪಸ್ ಕೊಡುತ್ತಾರೆ. ಅದೇ ರೀಫಂಡು. ಕಾಮಗೆರೆಯ ಒಬ್ಬ ಕಂಟ್ರಾಕ್ಟರ್ ಹನೂರಿನಿಂದ ಕೌದಳ್ಳಿ ಕಡೆಗೆ ರಸ್ತೆ ಮಾಡಿಸುತ್ತಿದ್ದ. ಲಾಭದ ಮಾತು ಹಾಗಿರಲಿ, ಕಟ್ಟಿಸಿದ ಮೋರಿಗಳು ಒಂದೇ ಮಳೆಗೆ ಕೊಚ್ಚಿಹೋಗಿ, ಇಲಾಖೆ ಬಿಲ್ಲು ತಡೆದು, ಸಾಲ ಕುತ್ತಿಗೆಗೆ ಬಂದು ಅವನು ಮೈಸೂರಿನ ಕೋರ್ಟಿನಲ್ಲಿ ಪಾಪರ್ ಅರ್ಜಿ ಹಾಕಿಕೊಂಡ. ಕೋರ್ಟು ಅವನನ್ನು ಪಾಪರ್ ಎಂದು ಸಾರಿತು. ಅವನ ಆಸ್ತಿಪಾಸ್ತಿ ವಶಕ್ಕೆ ತೆಗೆದುಕೊಂಡು, ಮಾರಿ, ಬಂದದ್ದನ್ನು ಸಾಲ ಕೊಟ್ಟವರಿಗೆ ಹಂಚಲು ಒಬ್ಬ ರಿಸೀವರನ್ನೂ ನೇಮಿಸಿತು. ಕೊಳ್ಳೇಗಾಲದಲ್ಲಿ ವಕೀಲಿ ಮಾಡಿಕೊಂಡಿದ್ದ ನಾನೇ ಆ ರಿಸೀವರು.

ಕಾನೂನು ಈ ವಿಷಯದಲ್ಲಿ ಬಹಳ ಸ್ಪಷ್ಟ. ಪಾಪರ್ ಎಂದು ಸಾರಿದ ಮೇಲೆ ಅವನ ಹೆಸರಿಗೆ ಬರುವ ಬಿಡಿಗಾಸೂ ರಿಸೀವರಿಗೆ ಸೇರಬೇಕು. ಅದನ್ನು ಅವನೇ ಮುಟ್ಟಿ ತನಗೆ ಬೇಕಾದವರಿಗೆ ಕೊಟ್ಟರೆ ಜೈಲು. ನಾನು ಮಾಡಬೇಕಾದದ್ದನ್ನು ಮಾಡುತ್ತ ಬಂದಿದ್ದೆ. ಅವನ ಹಾರೆ, ಪಿಕಾಸಿ, ಟಾರು ಕಾಯಿಸುವ ಡ್ರಮ್ಮು, ಜಲ್ಲಿ ಅಳೆಯುವ ಮರದ ಬಾಕ್ಸು ಎಲ್ಲವನ್ನೂ ಕಾಮಗೆರೆಯಲ್ಲಿ ಹರಾಜು ಹಾಕಿದೆ. ಉಳಿದ ರಸ್ತೆ ಕೆಲಸ ಹಿಡಿದಿದ್ದ ಹೊಸ ಕಂಟ್ರಾಕ್ಟರನೇ ಎಲ್ಲವನ್ನೂ ಒಟ್ಟಿಗೆ ಕೊಂಡ. ತೆರಿಗೆ ಕಚೇರಿಗೂ ಬರೆದೆ, ಇವನಿಗೆ ರೀಫಂಡು ಇದ್ದರೆ ನನಗೆ ಕಳಿಸಿ ಎಂದು. ನನ್ನ ಕಾಗದ ಮೈಸೂರು ಮುಟ್ಟುವ ಮೊದಲೇ ರೀಫಂಡ್ ಆರ್ಡರು ಕಾಮಗೆರೆಗೆ ಹೊರಟಾಗಿತ್ತು. ಎರಡು ಟಪಾಲೂ ದಾರಿಯಲ್ಲಿ ಎಲ್ಲೋ ಒಂದನ್ನೊಂದು ಹಾದುಹೋಗಿರಬೇಕು.

ಸುದ್ದಿ ತಂದವರು ರೇಷ್ಮೆ ವ್ಯಾಪಾರಿ. ಕಂಟ್ರಾಕ್ಟರನಿಗೆ ಸಾಲ ಕೊಟ್ಟವರಲ್ಲೆಲ್ಲ ಇವರೇ ದೊಡ್ಡವರು. ಬೆಳಗ್ಗೆ ನಾನಿನ್ನೂ ಕಾಫಿ ಕುಡಿಯುತ್ತಿದ್ದೆ, ಜಗಲಿಗೆ ಬಂದು ನಿಂತರು. ಕೂರಿ ಎಂದರೆ ಕೂರಲಿಲ್ಲ.

“ನಿಮ್ ಪಾಪರು ಬ್ಯಾಂಕಲ್ಲಿ ನಿಂತ್ಕಂಡು ನೋಟು ಎಣುಸ್ತಿದ್ನಂತೆ, ಗೊತ್ತಾ ಸ್ವಾಮಿ? ಇಂಕಮ್ ಟ್ಯಾಕ್ಸ್ ದುಡ್ಡು! ನಾವಿಲ್ಲಿ ಕೋರ್ಟಿಗೆ ಅಲ್ದೂ ಅಲ್ದೂ ಕಾಲು ಸವುಸ್ಕತಾ ಇದ್ರೆ ಅವ್ನು ಜೇಬು ತುಂಬ್ಸ್ಕಂಡು ಓಯ್ತಾವ್ನೆ. ಕೊಟ್ಟೋನು ಕೋಡಂಗಿ, ಇಸ್ಕಂಡೋನು ಈರಭದ್ರ ಅನ್ನಾದು ಸುಳ್ಳಾ?”

“ವಿಚಾರಿಸ್ತೀನಿ” ಎಂದೆ.

“ವಿಚಾರ್ಸೋದೇನು? ಒಳಿಕ್ ಆಕ್ಸಿ. ನೀವು ರಿಪೋರ್ಟ್ ಕೊಡ್ನಿಲ್ಲ ಅಂದ್ರೆ ನಾನೇ ಅರ್ಜಿ ಆಕ್ತೀನಿ. ನಿಮ್ ಹೆಸ್ರೂ ಸೇರ್ಸೇ ಆಕ್ತೀನಿ.”

ಅವರ ಸಿಟ್ಟು ಸುಳ್ಳಿನದಲ್ಲ. ನೂಲು ಕೊಟ್ಟು ನೇಯಿಸುತ್ತಿದ್ದ ಮಗ್ಗಗಳನ್ನು ಅರ್ಧಕ್ಕರ್ಧ ನಿಲ್ಲಿಸಿದ್ದರು. ಆದರೂ ಬೆಳಗಿನ ಕಾಫಿ ಹೊತ್ತಿಗೆ ನನ್ನ ಹೆಸರನ್ನೂ ಸೇರಿಸುತ್ತೇನೆ ಎಂದದ್ದು ನನ್ನ ಪಿತ್ತ ಕೆರಳಿಸಿತು. ಅರ್ಧ ಲೋಟ ಕಾಫಿ ಹಾಗೇ ಬಿಟ್ಟು ಎದ್ದೆ. ನನ್ನ ಹೆಂಡತಿ ಚಪ್ಪಲಿ ಮೆಟ್ಟುತ್ತಿದ್ದ ನನ್ನನ್ನು ನೋಡಿ, “ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದೀರಿ” ಎಂದಳು.

ಕಾಮಗೆರೆಯಲ್ಲಿ ಅವನಿರಲಿಲ್ಲ. ಮನೆಗೆ ಬೀಗ. ಹೆಂಡತಿಯ ತವರು ಯಳಂದೂರಿಗೆ ಹೋಗಿ ತಿಂಗಳಾಯಿತು ಎಂದು ಪಕ್ಕದವರು ಹೇಳಿದರು. ಅಂಚೆಯವನು ಆರ್ಡರನ್ನು ಅಲ್ಲಿಗೇ ತಿರುಗಿಸಿ ಕಳಿಸಿದ್ದನಂತೆ. ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಕೊಳ್ಳೇಗಾಲಕ್ಕೆ ಬಂದು, ಅಲ್ಲಿಂದ ಯಳಂದೂರಿನ ಬಸ್ಸು ಹಿಡಿದೆ. ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ, ಕಂಬಿ ಹಿಡಿದು ನಿಂತೇ ಹೋದೆ. ಅವನು ದುಡ್ಡು ಖರ್ಚು ಮಾಡಿರಬಾರದು, ಇದ್ದಷ್ಟನ್ನು ವಸೂಲಿ ಮಾಡಿಕೊಂಡರೆ ಜೈಲಿನ ಮಾತು ತಪ್ಪಿಸಬಹುದು ಎಂದು ಒಂದೇ ಯೋಚನೆ.

ಯಳಂದೂರಿನಲ್ಲಿ ಭಾವಮೈದನ ಮನೆಯ ಹಜಾರದಲ್ಲಿ ಅವನು ಹೆಂಡತಿಯ ಜೊತೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಒಂದು ಕಾಲದಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಓಡಾಡಿದವನು. ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದ.

“ದುಡ್ಡೆಲ್ಲಿ?” ಎಂದೆ. ಕುಶಲ ಕೇಳುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ.

“ಕೊಟ್ಬುಟ್ಟೆ ಸಾ.”

“ಯಾರಿಗೆ?”

“ಅವುರ್ದೇ ದುಡ್ಡು ಸಾ, ಅವುರ್ಗೇ ಕೊಟ್ಬುಟ್ಟೆ. ಕೌದಳ್ಳಿತಾವ ಜಲ್ಲಿ ಒಡೀತಾರಲ್ಲ, ಆ ಗುಂಪುಗೋಳ್ಗೆ.”

“ತೆರಿಗೆ ಮುರಿದದ್ದು ನಿನ್ನ ಬಿಲ್ಲಿನಲ್ಲಿ. ಅದು ಅವರ ದುಡ್ಡು ಹೇಗಾಯಿತು?”

“ಸರ್ಕಾರ ನಂತಾವ ಇಡ್ಕಂತು, ನಾನು ಅವುರ್ತಾವ ಇಡ್ಕಂಡೆ. ಸರ್ಕಾರ ವಾಪಸ್ ಕೊಡ್ತು, ನಾನೂ ವಾಪಸ್ ಕೊಟ್ಟೆ. ಇದ್ರಲ್ಲಿ ತೆಪ್ಪೇನದೆ ಸಾ?”

ನಾನು ಹಜಾರದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದೆ. ರಸೀದಿ ಇದೆಯೇ ಎಂದರೆ ಇಲ್ಲ. ಸಾಕ್ಷಿ ಎಂದರೆ ಕಲ್ಲು ಒಡೆಯುವವರೇ ಸಾಕ್ಷಿ. “ನಿನ್ನನ್ನು ಜೈಲಿಗೆ ಹಾಕುತ್ತಾರಯ್ಯ” ಎಂದು ಗದರಿದೆ. ಅವನ ಹೆಂಡತಿಯ ಕೈ ಅಲ್ಲಿಗೇ ನಿಂತಿತು. ಅವನು ಮಾತ್ರ ನಾನೇನೋ ತಮಾಷೆ ಮಾಡುತ್ತಿದ್ದೇನೆ ಎಂಬಂತೆ ನೋಡಿದ. ಹೊಲ, ಮೋಟಾರ್ ಸೈಕಲ್ಲು ಹೋದಾಗ ಬಾಯಿ ಬಿಡದಿದ್ದವನು ಆಮೇಲೆ ಮೆತ್ತಗೆ ಹೇಳಿದ. “ಕೂಲಿಯೋರ ದುಡ್ಡು ತಿಂದ ಅನ್ನುಸ್ಕಂಡು ಆಚೆ ಇರಾದ್ಕಿಂತ, ಕೊಟ್ಟ ಅನ್ನುಸ್ಕಂಡು ಒಳಿಕ್ ಓಗಾದೇ ವಾಸಿ ಬುಡಿ ಸಾ.”

ಊರಿಗೆ ಬಂದು ರಿಪೋರ್ಟು ಬರೆದೆ. ಪಾಪರಾದವನು ರಿಸೀವರಿಗೆ ಸೇರಬೇಕಾದ ಹಣವನ್ನು ತೆಗೆದು ಹಂಚಿದ್ದಾನೆ, ಅವನ ಮೇಲೆ ಕ್ರಮ ಜರುಗಿಸಬೇಕು, ಹಣ ಪಡೆದವರಿಂದ ವಸೂಲಿ ಮಾಡಲು ಅಪ್ಪಣೆಯಾಗಬೇಕು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಸಹಿ ಹಾಕದೆ ಚೀಲದಲ್ಲಿಟ್ಟುಕೊಂಡೆ. ಹಣ ಪಡೆದವರ ಮಾತು ಕೇಳದೆ ವಸೂಲಿ ಎಂದು ಬರೆಯುವುದು ಹೇಗೆ? ಮಾರನೆಯ ದಿನ ಹನೂರು ದಾಟಿ ಕೌದಳ್ಳಿಗೆ ಹೋದೆ.

ರಸ್ತೆಯ ಪಕ್ಕದಲ್ಲಿ ಸೋಗೆ ಚಪ್ಪರದ ಕೆಳಗೆ ಗಂಡಸರು ಹೆಂಗಸರು ಕುಳಿತು ಸುತ್ತಿಗೆಯಿಂದ ಕಲ್ಲು ಒಡೆಯುತ್ತಿದ್ದರು. ಒಡೆದ ಜಲ್ಲಿ ಅಲ್ಲಲ್ಲಿ ರಾಶಿ. ಗುಂಪಿನ ಯಜಮಾನಿ ನಡುವಯಸ್ಸು ದಾಟಿದ ಹೆಂಗಸು, ಬೆರಳುಗಳಿಗೆಲ್ಲ ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡಿದ್ದಳು. ನಾನು ಕೋರ್ಟಿನ ಕಡೆಯವನು ಎಂದ ಕೂಡಲೇ ಸುತ್ತಿಗೆಗಳೆಲ್ಲ ನಿಂತವು.

“ಕಾಮಗೆರೆ ಕಂಟ್ರಾಕ್ಟರು ನಿಮಗೆ ದುಡ್ಡು ಕೊಟ್ಟರಾ?”

“ಕೊಟ್ರು ಸಾ. ಟ್ಯಾಕ್ಸ್ ದುಡ್ಡು.”

“ನಿಮ್ಮ ಕೂಲಿಯಲ್ಲಿ ಎಷ್ಟು ಮುರಿದುಕೊಂಡಿದ್ದರು?”

“ಕೂಲೀಲಿ ಒಂದ್ ಪೈಸಾನೂ ಮುರೀಲಿಲ್ಲ ಸಾ.”

ಹಾಗಾದರೆ ಅವನು ಹೇಳಿದ್ದೆಲ್ಲ ಸುಳ್ಳು, ರಿಪೋರ್ಟಿಗೆ ಅಲ್ಲೇ ಸಹಿ ಹಾಕುವುದು ಎಂದು ಚೀಲಕ್ಕೆ ಕೈ ಹಾಕಿದೆ.

“ಕೂಲೀಲಿ ಅಲ್ಲ ಸಾ, ಬಾಕ್ಸಲ್ಲಿ ಮುರ್ಕಂಡ್ರು” ಎಂದಳು ಅವಳು. “ಬಾಕ್ಸ್ ಮ್ಯಾಲ್ಕೆ ಟ್ಯಾಕ್ಸು ಒಡುದ್ರಲ್ಲ.”

ಅವಳು ವಿವರಿಸಿದ ಮೇಲೆ ನನಗೆ ಅರ್ಥವಾಯಿತು. ಜಲ್ಲಿ ಅಳೆಯುವ ಬಾಕ್ಸಿಗೆ ತಳವಿಲ್ಲ, ಮುಚ್ಚಳವಿಲ್ಲ. ನೆಲದ ಮೇಲಿಟ್ಟು, ಜಲ್ಲಿ ತುಂಬಿ, ಮೇಲೆ ಕೋಲೆಳೆದು ಮಟ್ಟ ಮಾಡಿ ಎತ್ತಿದರೆ ಒಂದು ಬಾಕ್ಸು. ಕೂಲಿ ಬಾಕ್ಸಿಗಿಷ್ಟು ಎಂದು. ಬಿಲ್ಲಿನಲ್ಲಿ ತೆರಿಗೆ ಮುರಿಯುವುದು ಶುರುವಾದಾಗ ಕಂಟ್ರಾಕ್ಟರನು ಬಡಗಿಯನ್ನು ಕರೆಸಿ ಬಾಕ್ಸಿನ ನಾಲ್ಕೂ ಅಂಚಿಗೆ ರೀಪು ಹೊಡೆಸಿದ. ಹೆಂಚಿನ ಕೆಳಗೆ ಹೊಡೆಯುತ್ತಾರಲ್ಲ, ಆ ರೀಪು. ಬಾಕ್ಸು ಅಷ್ಟು ಎತ್ತರವಾಯಿತು, ಕೂಲಿ ಮಾತ್ರ ಹಿಂದಿನಷ್ಟೇ. ಆ ರೀಪಿಗೆ ಇವರಿಟ್ಟ ಹೆಸರು ಟ್ಯಾಕ್ಸು.

“ಅವತ್ತೇ ಯೋಳುದ್ರು ಸಾ, ಎಲ್ಲಾರ್ ಮುಂದ್ಲೂವೆ. ‘ಸರ್ಕಾರ ನಂಗೆ ವಾಪಸ್ ಕೊಟ್ರೆ ನಿಮ್ಗೂ ವಾಪಸ್ಸು, ಕೊಡ್ನಿಲ್ಲ ಅಂದ್ರೆ ಇಬ್ರಿಗೂ ಇಲ್ಲ’ ಅಂತ. ನಾವು ನಗಾಡ್ಕಂಡೋ. ಸರ್ಕಾರ ಇಸ್ಕಂಡುದ್ದ ಯಾವತ್ತಾದ್ರೂ ವಾಪಸ್ ಕೊಟ್ಟದಾ?”

“ಕೊಟ್ಟದ್ದನ್ನ ಏನ್ ಮಾಡಿದ್ರಿ?”

“ಅಂಗ್ಡಿ ಸಾಲ ತೀರುಸ್ದೋ. ಆಸ್ಪತ್ರೆಗ್ ಕೊಟ್ಟೋ. ಯಾನ ಸಾ, ತಿರ್ಗ ಕೊಡ್ಬೇಕಾ?”

ಕೊಡಬೇಕು ಎಂದು ಬರೆದ ಕಾಗದ ನನ್ನ ಚೀಲದಲ್ಲಿತ್ತು.

ಅಲ್ಲೇ ಒಂದು ಹುಣಸೆ ಮರದ ಕೆಳಗೆ ಅತ್ತಿಂದಿತ್ತ ತಿರುಗಿದೆ. ಕಾನೂನಿನಲ್ಲಿ ಒಂದು ಮಾತಿದೆ. ಪಾಪರಾದವನು ಬೇರೆಯವರ ಪರವಾಗಿ ಇಟ್ಟುಕೊಂಡ ಸ್ವತ್ತು ಅವನದಲ್ಲ, ಆದ್ದರಿಂದ ರಿಸೀವರಿಗೂ ಸೇರುವುದಿಲ್ಲ. ವಾಪಸ್ ಬಂದರೆ ನಿಮ್ಮದು ಎಂದು ಮೊದಲೇ ಮಾತು ಕೊಟ್ಟು ಹಿಡಿದುಕೊಂಡದ್ದು ಇದರೊಳಗೆ ಬರುತ್ತದೆಯೇ? ಬರಬಹುದು. ಆದರೆ ಹಿಡಿದುಕೊಂಡದ್ದಕ್ಕೆ ಪುರಾವೆ ಬೇಕು. ಅದು ಇದ್ದದ್ದು ಆ ಬಾಕ್ಸಿನ ಅಂಚಿನಲ್ಲಿ. ಆ ಬಾಕ್ಸನ್ನು ಹಾರೆ ಪಿಕಾಸಿಗಳ ಜೊತೆ ಹರಾಜು ಕೂಗಿ ಮಾರಿದವನು ನಾನೇ!

ರಿಪೋರ್ಟನ್ನು ಹರಿದು ಅಲ್ಲೇ ಎಸೆದೆ. ಆಮೇಲೆ ಕೋರ್ಟಿನ ಕಾಗದ ಬೀದಿಯಲ್ಲಿ ಬಿದ್ದಿರಬಾರದು ಎನಿಸಿ ತುಂಡುಗಳನ್ನೆಲ್ಲ ಆರಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡೆ. ಕಲ್ಲು ಒಡೆಯುವವರು ನನ್ನನ್ನೇ ನೋಡುತ್ತಿದ್ದರು.

ಬಾಕ್ಸು ದೂರವೇನೂ ಇರಲಿಲ್ಲ. ರಸ್ತೆಯುದ್ದಕ್ಕೆ ನಡೆದು ಹೋದರೆ ಹೊಸ ಕಂಟ್ರಾಕ್ಟರನ ಮೇಸ್ತ್ರಿ ಅದೇ ಬಾಕ್ಸಿನಲ್ಲಿ ಜಲ್ಲಿ ಅಳೆಸುತ್ತಿದ್ದ. ಪೆಟ್ಟಿಗೆ ಮಾವಿನ ಹಲಗೆಯದು, ಬಿಸಿಲಿಗೆ ಕಪ್ಪಾಗಿತ್ತು. ಮೇಲಿನ ರೀಪು ಬೇರೆ ಮರದ್ದು, ಇನ್ನೂ ಕೆಂಚಗಿತ್ತು. ಕೋಲೆಳೆದು ಎಳೆದು ಅದರ ಅಂಚು ನುಣುಪಾಗಿತ್ತು.

“ಈ ಬಾಕ್ಸು ನನಗೆ ಬೇಕು. ಕೋರ್ಟಿಗೆ” ಎಂದೆ.

“ನೀವೇ ಮಾರುದ್ರಿ, ನೀವೇ ಬೇಕು ಅಂತೀರಿ” ಎಂದು ಮೇಸ್ತ್ರಿ ನಕ್ಕ. “ಬಾಕ್ಸ್ ಕೊಟ್ಬುಟ್ಟು ನಾವು ಬೊಗಸೇಲಿ ಅಳೆಯಾದಾ ಸಾ? ಯಜಮಾನ್ರು ಯೋಳ್ದೆ ಕೊಡಾಂಗಿಲ್ಲ.”

ಟೇಪು ತರಿಸಿ ಅಳೆದೆ. ಆಗ ಹೊಸದೊಂದು ತಲೆನೋವು ಎದುರಾಯಿತು. ಸರ್ಕಾರ ಹಿಡಿಯುತ್ತಿದ್ದದ್ದು ನೂರಕ್ಕೆ ಎರಡು. ಬಾಕ್ಸಿನ ಎತ್ತರಕ್ಕೆ ಆ ಲೆಕ್ಕದಲ್ಲಿ ಕಿರುಬೆರಳಿನ ಉಗುರಿನಷ್ಟು ಏರಿಸಿದ್ದರೆ ಸಾಕಿತ್ತು. ರೀಪು ಹೆಬ್ಬೆರಳಿನ ದಪ್ಪ ಇತ್ತು. ಅಂದರೆ ಸರ್ಕಾರದ ಎರಡು ಇವನ ಬಾಕ್ಸಿನಲ್ಲಿ ನಾಲ್ಕು ದಾಟಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ದೇವರು ಒಂದು ಹಿಡಿದರೆ ಪೂಜಾರಿ ಎರಡು ಹಿಡಿದಿದ್ದ. ಯಾರಿಗಾಗಿ ಇಷ್ಟು ಅಲೆಯುತ್ತಿದ್ದೇನೋ ಅವನೇ ಮೋಸಗಾರನೇ ಎಂದು ಮೈಯೆಲ್ಲ ಉರಿಯಿತು.

ಮತ್ತೆ ಯಳಂದೂರು. ಈ ಸಲ ಅವನು ತಲೆ ತಗ್ಗಿಸಿದ. “ಅಷ್ಟು ತೆಳ್ಳುಗೆ ಮರ ಎಲ್ ಸಿಕ್ಕದು ಸಾ? ಬಡಗಿತಾವ ಇದ್ದುದ್ ರೀಪು ಒಡ್ಸಿದೆ” ಎಂದ. ಮತ್ತೆ, “ದಪ್ಪ ಆಯ್ತು ಅಂತ ಗೊತ್ತಾಯ್ತು. ಆಮೇಕೆ ಸಣ್ಣದ್ ಮಾಡ್ಸದ ಅಂದ್ಕಂಡೆ, ಮಾಡುಸ್ನಿಲ್ಲ” ಎಂದ. ಅದರಲ್ಲಿ ಎಷ್ಟು ನಿಜವೋ ನನಗೆ ಇಂದಿಗೂ ಗೊತ್ತಿಲ್ಲ.

ದಪ್ಪದ ವಿಷಯವನ್ನು ಕೋರ್ಟಿಗೆ ತಿಳಿಸುವುದೋ ಬೇಡವೋ? ನಾನು ಅವನ ವಕೀಲನಾಗಿದ್ದರೆ ಬಾಯಿ ಮುಚ್ಚಿಕೊಂಡಿರಬಹುದಿತ್ತು. ರಿಸೀವರು ಕೋರ್ಟಿನ ಮನುಷ್ಯ. ಹೇಳಿದರೆ ಜಡ್ಜರಿಗೆ ಅವನು ಕೂಲಿಯವರನ್ನು ಸುಲಿದವನಾಗಿ ಕಾಣುತ್ತಾನೆ, ಜೈಲು ಖಂಡಿತ. ಹೇಳದಿದ್ದರೆ ನಾಳೆ ರೇಷ್ಮೆ ವ್ಯಾಪಾರಿಯ ವಕೀಲರೇ ಟೇಪು ಹಿಡಿಯುತ್ತಾರೆ. ಊಟ ರುಚಿಸಲಿಲ್ಲ, ಹೆಂಡತಿಯ ಮೇಲೆ ರೇಗಿದೆ, ಬಂದ ಕಕ್ಷಿದಾರರನ್ನು ನಾಳೆ ಬನ್ನಿ ಎಂದು ಕಳಿಸಿದೆ. ಕೊನೆಗೆ, ಇದ್ದದ್ದನ್ನು ಇದ್ದ ಹಾಗೆ ಬರೆಯುವುದೇ ಸರಿ ಎಂದು ಕುಳಿತೆ. ಹೊಸ ರಿಪೋರ್ಟಿನಲ್ಲಿ ರೀಪಿನ ದಪ್ಪವನ್ನೂ ಬಾಕ್ಸಿನ ಎತ್ತರವನ್ನೂ ಬರೆದು, ಬಾಕ್ಸನ್ನು ತರಿಸಿಕೊಳ್ಳಲು ಆಜ್ಞೆ ಬೇಡಿದೆ. ಇಲಾಖೆಯ ಅಳತೆ ಪುಸ್ತಕದಿಂದ ಆ ರಸ್ತೆಗೆ ಬಿದ್ದ ಜಲ್ಲಿಯ ಲೆಕ್ಕವನ್ನೂ ಕೇಳಿದೆ.

ವಿಚಾರಣೆಯ ದಿನ ಬಾಕ್ಸು ಮೈಸೂರಿನ ಕೋರ್ಟು ಹಾಲಿನ ನಡುವೆ ಬಂದು ಕೂತಿತು. ಬಾಗಿಲಲ್ಲಿ ಅಡ್ಡಡ್ಡವಾಗಿ ಸಿಕ್ಕಿಕೊಂಡು ಜವಾನರಿಗೆ ಬೆವರಿಳಿಸಿತ್ತು. ಕಲ್ಲಿನ ಗುಂಪಿನ ಯಜಮಾನಿ ಕಟಕಟೆ ಹತ್ತಿದಳು. ಹೆಸರು, ಊರು ಆದ ಮೇಲೆ ಕಸುಬು ಏನು ಎಂದು ಕೇಳಿದರು.

“ಕಲ್ಲು ಒಡೀತೀನಿ ಸಾ. ಇಂಕಮ್ ಟ್ಯಾಕ್ಸ್ ಕಟ್ತೀನಿ.”

ಹಾಲಿನಲ್ಲಿ ಎಲ್ಲರೂ ನಕ್ಕರು. ವಕೀಲರೂ ನಕ್ಕರು, ರೇಷ್ಮೆ ವ್ಯಾಪಾರಿಯೂ ನಕ್ಕರು. ಅವಳು ಯಾಕೆ ನಗುತ್ತಾರೆಂದು ತಿಳಿಯದೆ ನನ್ನ ಕಡೆ ನೋಡಿದಳು. ನನಗೆ ನಾಚಿಕೆಯಾಯಿತು.

ರೇಷ್ಮೆ ವ್ಯಾಪಾರಿಯ ವಕೀಲರು ಗಟ್ಟಿಗರು. “ಮಾತು ಕೊಟ್ಟಿದ್ದ ಎಂದೇ ಇಟ್ಟುಕೊಳ್ಳೋಣ. ಆದರೆ ತೆರಿಗೆ ಮುರಿದದ್ದು ಇಡೀ ಬಿಲ್ಲಿನ ಮೇಲೆ. ಮಣ್ಣು, ಮೋರಿ, ಟಾರು ಎಲ್ಲ ಅದರಲ್ಲಿದೆ. ಜಲ್ಲಿಯವರದು ಅದರಲ್ಲಿ ಒಂದು ಪಾಲು. ಇಡೀ ರೀಫಂಡನ್ನು ಅವರಿಗೆ ಕೊಟ್ಟದ್ದು ಹೇಗೆ ಸರಿ?” ಎಂದರು. ಜಡ್ಜರು ನನ್ನ ರಿಪೋರ್ಟು ತಿರುವಿದರು. ರೀಪಿನ ದಪ್ಪದ ಸಾಲಿನ ಮೇಲೆ ಬೆರಳಿಟ್ಟು, ಬೆಂಚ್ ಗುಮಾಸ್ತರಿಗೆ ಬಾಕ್ಸು ಅಳೆಯಲು ಹೇಳಿದರು. ಅಳತೆ ಪುಸ್ತಕದ ಲೆಕ್ಕವನ್ನೂ ಕೂಲಿಯ ದರವನ್ನೂ ಅದಕ್ಕೆ ಹೊಂದಿಸಿ ನೋಡಲು ಹೇಳಿದರು.

ಗುಮಾಸ್ತರು ಗುಣಿಸುತ್ತಿದ್ದಷ್ಟು ಹೊತ್ತೂ ನಾನು ನಿಂತಲ್ಲೇ ಕಾಲು ಬದಲಿಸುತ್ತಿದ್ದೆ. ಲೆಕ್ಕ ಬಂತು. ದಪ್ಪ ರೀಪು ಇಟ್ಟು ಆ ಗುಂಪುಗಳಿಂದ ಹೆಚ್ಚಾಗಿ ಇಸಕೊಂಡ ಜಲ್ಲಿಯ ಕೂಲಿ, ಬಂದ ರೀಫಂಡಿಗಿಂತ ಕಡಿಮೆ ಇರಲಿಲ್ಲ, ಒಂದಿಷ್ಟು ಜಾಸ್ತಿಯೇ ಇತ್ತು. ಅವನನ್ನು ಮುಳುಗಿಸುತ್ತದೆ ಎಂದು ನಾನು ಹೆದರಿದ್ದ ದಪ್ಪವೇ ಅವನನ್ನು ಎತ್ತಿತು. ರೀಪು ಸಣ್ಣದಿದ್ದಿದ್ದರೆ ಅವನು ಕೊಟ್ಟದ್ದರಲ್ಲಿ ಅರ್ಧ ಸಾಲ ಕೊಟ್ಟವರ ಪಾಲಾಗುತ್ತಿತ್ತು, ಅವನು ಜೈಲಿಗೆ ಹೋಗುತ್ತಿದ್ದ.

ಆದೇಶ ಚಿಕ್ಕದಾಗಿತ್ತು. ಹಾಗೆ ಹಿಡಿದದ್ದು ಕೂಲಿಯವರ ಹಣ, ವಾಪಸ್ ಕೊಟ್ಟದ್ದು ಅವರಿಗೇ ಸೇರಿದ್ದು. ವಸೂಲಿ ಬೇಡ, ಪಾಪರಾದವನ ಮೇಲೆ ಕ್ರಮವೂ ಬೇಡ. ಮಿಕ್ಕ ಜಾಸ್ತಿಗೆ ಕೂಲಿಯವರು ರಿಸೀವರ ಮುಂದೆ ಅರ್ಜಿ ಹಾಕಿಕೊಳ್ಳಬಹುದು. ಬಾಕ್ಸು ಕೋರ್ಟಿನ ವಶದಲ್ಲಿರತಕ್ಕದ್ದು.

ಹೊರಗೆ ಕಂಟ್ರಾಕ್ಟರನ ಹೆಂಡತಿ ಕಂಬಕ್ಕೊರಗಿ ಅಳುತ್ತಿದ್ದಳು. ರೇಷ್ಮೆ ವ್ಯಾಪಾರಿ ನನ್ನ ಪಕ್ಕದಲ್ಲೇ ಮೆಟ್ಟಿಲಿಳಿದರು. “ನನ್ ದುಡ್ಡಿಗೂ ಯಾರಾದ್ರೂ ಒಂದ್ ರೀಪು ಒಡುದ್ರೆ ಚೆಂದಾಗಿತ್ತು” ಎಂದರು. ಅವರ ಮೇಲೆ ನನಗಿದ್ದ ಸಿಟ್ಟು ಆ ಮಾತಿನಲ್ಲಿ ಇಳಿದುಹೋಯಿತು. ಕಾಫಿಗೆ ಕರೆದೆ, ಬಂದರು.

ಒಂದು ವಾರ ಬಿಟ್ಟು ಕೌದಳ್ಳಿಗೆ ಹೋದೆ. ಮಿಕ್ಕದ್ದಕ್ಕೆ ಅರ್ಜಿ ಬರೆಸಿಕೊಳ್ಳಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ತಿರುಗಿ ಕೊಡಬೇಕಾಗಿಲ್ಲ ಎಂದು ಬಾಯಾರೆ ಹೇಳುವ ಆಸೆಯಿತ್ತು. ಎಷ್ಟೋ ದಿನದ ಮೇಲೆ ಅಂದು ಬಸ್ಸಿನಲ್ಲಿ ಕೂತುಕೊಂಡೇ ಹೋದೆ.

ರೋಲರು ಮುಂದೆ ಹೋಗಿತ್ತು. ಚಪ್ಪರವೂ ಮುಂದಕ್ಕೆ ಹೋಗಿತ್ತು. ಹೇಳಿದೆ. ಯಜಮಾನಿ ಕೈ ಮುಗಿದಳು, ಉಳಿದವರೂ ಮುಗಿದರು, ಯಾರೋ ಎಳನೀರು ತಂದರು. ಕುಡಿಯುತ್ತ ಆಚೆ ನೋಡಿದೆ. ಮೇಸ್ತ್ರಿ ಜಲ್ಲಿ ಅಳೆಸುತ್ತಿದ್ದ. ಬಾಕ್ಸು ಹೊಸದು. ಹಳೆಯದು ಕೋರ್ಟಿನಲ್ಲಿತ್ತಲ್ಲ, ಬೇರೆ ಮಾಡಿಸಿದ್ದರು. ಹತ್ತಿರ ಹೋಗಿ ಅಂಚು ಸವರಿದೆ. ರೀಪಿರಲಿಲ್ಲ. ಒಂದೇ ಹಲಗೆ, ನುಣ್ಣಗೆ ಹತ್ತರಿ ಹೊಡೆದಿದ್ದರು. ನನಗೆ ಸಮಾಧಾನವಾಯಿತು.

“ಹಳೇದ್ರ ಅಳತೆಗೇ ಮಾಡ್ಸುದ್ರು ಸಾ” ಎಂದಳು ಯಜಮಾನಿ. ಅವಳು ನನ್ನ ಹಿಂದೆಯೇ ಬಂದಿದ್ದಳು. “ರೀಪೂ ಸೇರ್ಸಿ.”

ಮೇಸ್ತ್ರಿ ಕೋಲೆಳೆದು ಮಟ್ಟ ಮಾಡಿ, ಬಾಕ್ಸು ಎತ್ತಿ, ಒಂದು ಎಂದು ಕೂಗಿದ. ಇನ್ನು ಕೀಳಲು ರೀಪಿಲ್ಲ, ಕೋರ್ಟಿಗೆ ತೋರಿಸಲು ಬೇರೆ ಬಣ್ಣದ ಮರವಿಲ್ಲ. ಹೊಸ ಕಂಟ್ರಾಕ್ಟರ್ ಪಾಪರಲ್ಲ, ನಾನು ಅವನ ರಿಸೀವರೂ ಅಲ್ಲ.

ಅವಳು ಬೆರಳಿನ ಟ್ಯೂಬು ಬಿಗಿ ಮಾಡಿಕೊಳ್ಳುತ್ತ ಕೇಳಿದಳು.

“ಇದ್ರುದ್ದು ಯಾವಾಗ ವಾಪಸ್ ಬತ್ತದೆ ಸಾ?”

ಕೊಳ್ಳೇಗಾಲದ ಬಸ್ಸು ಬಂದು ಹಾರನ್ ಹೊಡೆಯಿತು. ನಾನು ಎಳನೀರು ಕೆಳಗಿಟ್ಟು, ಟೇಪು ತರಲು ಹೇಳಿದೆ.